ಜಂಪಿಂಗ್ ಬಲೂನಿಗೆ ಆಂಟಿಬ್ಯಾಕ್ಟೀರಿಯಲ್ ಬಟ್ಟೆ ಬೇಕಾ?

ಪ್ರಶ್ನೆ: ಸರ್, ನಂದು ದಾವಣಗೆರೇಲಿ ಶಾಮಿಯಾನ ಅಂಗಡಿ. ಬರ್ತ್‌ಡೇ, ಜಾತ್ರೆಗೆ ಬಾಡಿಗೆ ಕೊಡೋಕೆ ಗಾಳಿ ತುಂಬೋ ಜಂಪಿಂಗ್ ಬಲೂನ್ ತಗೋಬೇಕು ಅಂತಿದೀನಿ. ಮಾರೋನು ಆಂಟಿಬ್ಯಾಕ್ಟೀರಿಯಲ್ ಮೆಟೀರಿಯಲ್ ಹಾಕ್ಕೊಡ್ತೀನಿ, ಮಕ್ಕಳಿಗೆ ಇನ್ಫೆಕ್ಷನ್ ಆಗಲ್ಲ, ತೊಳೆಯೋ ತಾಪತ್ರಯಾನೂ ಕಮ್ಮಿ ಅಂತ 18 ಸಾವಿರ ಜಾಸ್ತಿ ಕೇಳ್ತಿದಾನೆ. ಕೊಡಬಹುದಾ?

ಉತ್ತರ: ತೊಳೆಯೋ ತಾಪತ್ರಯ ಕಮ್ಮಿ ಅಂದ್ನಲ್ಲ, ಅಲ್ಲೇ ಹುಷಾರಾಗಿ. ಈ ಬಟ್ಟೆ ಅಂದ್ರೆ ಒಳಗೆ ಪಾಲಿಯೆಸ್ಟರ್ ನೇಯ್ಗೆ, ಮೇಲೆ ಪಿವಿಸಿ ಲೇಪನ. ಪಿವಿಸಿ ಹುಟ್ಟಾ ಗಟ್ಟಿ, ಮೆತ್ತಗಾಗ್ಲಿ ಅಂತ ಪ್ಲಾಸ್ಟಿಸೈಜರ್ ಅನ್ನೋ ಎಣ್ಣೆಯಂಥದ್ದು ಬೆರೆಸ್ತಾರೆ, ಬೂಷ್ಟಿಗೆ ಅದೇ ಊಟ, ತಿಂದಂಗೆಲ್ಲ ಬಟ್ಟೆ ಬಿರುಸಾಗುತ್ತೆ, ಕಪ್ಪು, ಗುಲಾಬಿ ಕಲೆ ಬೀಳುತ್ತೆ, ಮುಗ್ಗಲು ವಾಸನೆ ಬರುತ್ತೆ. ಅದನ್ನ ತಡೆಯೋಕೆ ಬೆಳ್ಳಿ ಅಯಾನು, ಜಿಂಕ್ ಪೈರಿಥಿಯಾನ್ ಥರದ ಕೆಮಿಕಲ್ ಸೇರಿಸೋದು. ಅಂದ್ರೆ ಅದು ಕಾಯೋದು ಬಟ್ಟೆನ, ಮಕ್ಕಳನ್ನಲ್ಲ. ಅಮೆರಿಕದಲ್ಲಂತೂ ವಸ್ತುವನ್ನ ಕಾಪಾಡುತ್ತೆ ಅಂತ ಬರ್ಕೋಬಹುದು, ಬಳಸೋರ ಆರೋಗ್ಯ ಕಾಪಾಡುತ್ತೆ ಅನ್ನೋಕೆ ಇಪಿಎ ಅನ್ನೋ ಅಲ್ಲಿನ ಸರ್ಕಾರಿ ಪರಿಸರ ಸಂಸ್ಥೆ ಹತ್ರ ಬೇರೆ ನೋಂದಣಿನೇ ಬೇಕು.

99.9 ಪರ್ಸೆಂಟ್ ಬ್ಯಾಕ್ಟೀರಿಯಾ ಸಾಯುತ್ತೆ ಅಂತ ಐಎಸ್‌ಒ 22196 ಅನ್ನೋ ಲ್ಯಾಬ್ ಟೆಸ್ಟಿನ ರಿಪೋರ್ಟ್ ತೋರಿಸಬಹುದು, ರಿಪೋರ್ಟ್ ಸುಳ್ಳೇನಲ್ಲ. ಆದ್ರೆ ಆ ಟೆಸ್ಟಲ್ಲಿ ಶುಚಿಯಾದ ತುಂಡಿನ ಮೇಲೆ ಬ್ಯಾಕ್ಟೀರಿಯಾ ಇರೋ ದ್ರವ ಹಾಕಿ 35 ಡಿಗ್ರೀಲಿ, ಒಣಗದ ಹಾಗೆ 24 ಗಂಟೆ ಇಡ್ತಾರೆ. ನಿಮ್ಮ ಬಲೂನಲ್ಲಿ ಒಂದು ಮಗು ಇಳಿದ್ರೆ ಇನ್ನೊಂದು ಹತ್ತುತ್ತೆ, ಬಟ್ಟೆ ಮೇಲೆ ಧೂಳು, ಬೆವರು, ಕೇಕಿನ ಕ್ರೀಮು, ಕ್ರಿಮಿ ಕೂತಿರೋದು ಆ ಕೊಳೆ ಮೇಲೆ, ಬೆಳ್ಳಿ ಅದರ ಕೆಳಗೆ, ಒಂದಕ್ಕೊಂದು ಮುಟ್ಟೋದೇ ಇಲ್ಲ. ಮೇಲಾಗಿ ಮಕ್ಕಳಿಗೆ ವಾಂತಿ ಭೇದಿ ತರೋ ನೋರೋವೈರಸ್ಸು, ಕೈ-ಕಾಲು-ಬಾಯಿ ಕಾಯಿಲೆ ಎರಡೂ ವೈರಸ್ಸಿಂದ, ಬ್ಯಾಕ್ಟೀರಿಯಾ ಟೆಸ್ಟಿಗೂ ಅವಕ್ಕೂ ಸಂಬಂಧ ಇಲ್ಲ.

ದಿನಾ ಸೋಪುನೀರಲ್ಲಿ ಒರೆಸಿ, ಮುಖ್ಯವಾಗಿ ನೆಲಕ್ಕೂ ಗೋಡೆಗೂ ಹೊಲಿಗೆ ಹಾಕಿರೋ ಸಂದಿ, ಕೈ ಹಾಕಿ ನೋಡಿ, ಹೇರ್‌ಪಿನ್ನು, ಕುರ್ಕುರೆ ಚೂರು, ಮರಳು ಎಲ್ಲಾ ಅಲ್ಲೇ ಇರುತ್ತೆ. ಮಗು ವಾಂತಿ ಮಾಡ್ಕೊಂಡ್ರೆ ಎಲ್ಲರನ್ನೂ ಇಳಿಸಿ, ವಾಂತಿ ಬಳಿದು ತೆಗೆದು ಸೋಪಲ್ಲಿ ತೊಳೆದು, ಆಮೇಲೆ 5 ಪರ್ಸೆಂಟಿನ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಲೀಟರ್ ನೀರಿಗೆ 20 ಎಂಎಲ್ ಹಾಕಿ ಒರೆಸಿ ಹತ್ತು ನಿಮಿಷ ಬಿಟ್ಟು, ಬರೀ ನೀರಲ್ಲಿ ಚೆನ್ನಾಗಿ ತೊಳೀರಿ, ಇಲ್ಲಾಂದ್ರೆ ಹೊಲಿಗೆ ದಾರ ಹಾಳಾಗುತ್ತೆ. ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಮಾತ್ರ ಬೆರೆಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ.

ಒಣಗಿಸೋದು ಅದಕ್ಕಿಂತ ಮುಖ್ಯ. ತೊಳೆದ ಮೇಲೂ ಬ್ಲೋವರ್ ಆನ್ ಇರಲಿ, ಹೊಲಿಗೆ ಸಂದೀಲಿ ಗಾಳಿ ಆಚೆ ಹೋಗ್ತಾ ಒಳಗಿನ ತೇವಾನೂ ಆರುತ್ತೆ. ಜಾತ್ರೆ ಮುಗೀತು ಅಂತ ರಾತ್ರೋರಾತ್ರಿ ಒದ್ದೆ ಬಲೂನ್ ಸುತ್ತಿ ಟೆಂಪೋಗೆ ಹಾಕಿದ್ರೆ ಯಾವ ಬೆಳ್ಳಿನೂ ಉಳಿಸಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಲೆ ಗೋಡೌನಲ್ಲಿ ಇಡೋದಾದ್ರೆ ಬೂಷ್ಟು ತಡೆಯೋ ಬಟ್ಟೆ ಉಪಯೋಗಕ್ಕೆ ಬರುತ್ತೆ ನಿಜ, ಎರಡು ಮೂರು ಸಾವಿರ ಜಾಸ್ತಿ ಆದ್ರೆ ತಗೊಳ್ಳಿ, 18 ಸಾವಿರ ಕೊಡಬೇಡಿ. ಆ ದುಡ್ಡಲ್ಲಿ ಗಟ್ಟಿ ಗೂಟ, ಹಗ್ಗ ತಗೊಳ್ಳಿ, ಗಾಳಿಗೆ ಬಲೂನ್ ಹಾರಿ ಮಕ್ಕಳು ಸತ್ತಿರೋದು ಬೇರೆ ದೇಶಗಳಲ್ಲಿ ಆಗಿದೆ.

ಪ್ರಶ್ನೆ: ಇಂಥ ಬಲೂನಲ್ಲಿ ಮಗುಗೆ ಸ್ಯಾನಿಟೈಸರ್ ಹಚ್ಚಿ ಬಿಟ್ರೆ ಸಾಕಾ ಅಂತ ಕೇಳ್ತಾರೆ ಬಾಡಿಗೆ ತಗೊಳ್ಳೋರು, ಏನು ಹೇಳಲಿ? (ಅದೇ ಓದುಗರು)

ಉತ್ತರ: ಇಳಿದ ಮೇಲೆ, ಕೇಕ್ ತಿನ್ನೋಕೆ ಮುಂಚೆ ಸೋಪಲ್ಲಿ ಕೈ ತೊಳೆಸಿ ಅನ್ನಿ. ನೋರೋವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟಲ್ಲ.