ಲೈವ್ ನೋಡಿದವರೆಷ್ಟು, ಮಾತಾಡಿದವರೆಷ್ಟು: ಒಬ್ಬ ಸಭಾಪಾಲಕರ ಪ್ರಕರಣ

ಇದು ಮೊದಲ ಲಾಕ್‌ಡೌನ್ ಕಾಲದ ಪ್ರಕರಣ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನನ್ನಲ್ಲಿ ಸಲಹೆ ಕೇಳಿದವರು ಉತ್ತರ ಕರ್ನಾಟಕದ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸಭಾಪಾಲಕರು, ಅಂದರೆ ಪಾಸ್ಟರ್. ಬಾಸೆಲ್ ಮಿಶನ್ ಕಾಲದ ಹಳೇ ಸಭೆ, ಎಂಬತ್ತರ ಆಸುಪಾಸು ಕುಟುಂಬಗಳು. ಸಭೆಯವರು ಅವರನ್ನು ಅಯ್ಯನವರು ಅಂತಾರೆ, ಇಲ್ಲಿ ನಾನೂ ಹಾಗೇ ಬರೆಯುತ್ತೇನೆ.

ಮೊದಲು ಫೋನ್ ಮಾಡಿದ್ದು ಅವರಲ್ಲ, ಅವರ ಹೆಂಡತಿ. "ನಡುರಾತ್ರಿ ಎದ್ದು ಫೋನ್ ನೋಡ್ತಾರ್ರಿ. ಹುಡುಗರ ಮ್ಯಾಲೆ ಸುಮ್ಸುಮ್ನೆ ಸಿಟ್ಟಾಗ್ತಾರ." ಮರುದಿನ ಅಯ್ಯನವರೇ ಮಾತಾಡಿದರು.

2020ರ ಮಾರ್ಚ್ 22, ಜನತಾ ಕರ್ಫ್ಯೂ ದಿನ, ಭಾನುವಾರ. ಅವತ್ತು ಮುಚ್ಚಿದ ಚರ್ಚು ಮತ್ತೆ ತೆರೆದಿರಲಿಲ್ಲ. ಮುಂದಿನ ವಾರದಿಂದಲೇ ಅವರು ಲೈವ್ ಶುರುಮಾಡಿದ್ದರು. ಮೊಬೈಲಿಂದ ಯೂಟ್ಯೂಬ್‌ನಲ್ಲಿ ಲೈವ್ ಬರಬೇಕಾದರೆ ಆಗ 1000 ಸಬ್‌ಸ್ಕ್ರೈಬರ್ ಬೇಕಿತ್ತು, ಹಾಗಾಗಿ ಫೇಸ್‌ಬುಕ್. ಏಪ್ರಿಲ್ 12ರ ಈಸ್ಟರ್ ಆರಾಧನೆಗೆ ನಾನೂರು ದಾಟಿದ ವ್ಯೂ, ಮೇ ಹೊತ್ತಿಗೆ ನೂರಕ್ಕಿಂತ ಕೆಳಗಿಳಿಯಿತು. ಅದು ಇಳಿದಂತೆಲ್ಲ ಇವರು ಕೆಲಸ ಜಾಸ್ತಿ ಮಾಡಿಕೊಂಡರು. ಬೆಳಗಿನ ಧ್ಯಾನ, ಸಂಜೆ ಪ್ರಾರ್ಥನೆ, ಬುಧವಾರ ಬೈಬಲ್ ಅಧ್ಯಯನ, ಎಲ್ಲವೂ ಲೈವ್. ರಾತ್ರಿ ಎದ್ದು ನೋಡುತ್ತಿದ್ದದ್ದು ಆ ಅಂಕಿಯನ್ನೇ. "ಸಭೆ ನನ್ನ ಕೈಬಿಟ್ಟು ಹೊಂಟೈತ್ರಿ" ಅಂದರು.

ಆಗ ಫೇಸ್‌ಬುಕ್‌ನಲ್ಲಿ 3 ಸೆಕೆಂಡ್ ವಿಡಿಯೋ ಓಡಿದರೂ ಅದು ಒಂದು ವ್ಯೂ ಆಗುತ್ತಿತ್ತು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಈಸ್ಟರ್‌ದ್ದೂ ಸುಳ್ಳೇನ್ರಿ?" ಅಂತ ಕೇಳಿದರು. ಸುಳ್ಳಲ್ಲ, ಆದರೆ ನಿಮಗೆ ಬೇಕಾದ ಉತ್ತರ ಆ ಅಂಕಿಯಲ್ಲಿ ಇಲ್ಲ ಅಂದೆ. ಅವರನ್ನು ಕಾಡುತ್ತಿದ್ದದ್ದು, ನನ್ನ ಜನ ಹೇಗಿದ್ದಾರೆ ಅನ್ನೋ ಪ್ರಶ್ನೆ ತಾನೇ?

ಅದಕ್ಕೆ ಒಂದು ಕೆಲಸ ಕೊಟ್ಟೆ. ಸಭೆಯ ರಿಜಿಸ್ಟರ್ ತೆಗೆಯಿರಿ. ಚರ್ಚು ಮುಚ್ಚಿದ ಮೇಲೆ ಯಾರ ದನಿ ನೀವು ಕೇಳಿದ್ದೀರೋ ಅವರ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕಾಮೆಂಟ್‌ನಲ್ಲಿ ಆಮೆನ್ ಬರೆದವರು ಲೆಕ್ಕಕ್ಕಿಲ್ಲ.

ಅರ್ಧಕ್ಕಿಂತ ಹೆಚ್ಚು ಹೆಸರುಗಳಿಗೆ ಗುರುತೇ ಬೀಳಲಿಲ್ಲ. ಅವರಲ್ಲಿ ಜಾಸ್ತಿ ಜನ ಎಂದೂ ಆರಾಧನೆ ತಪ್ಪಿಸದೆ ಮುಂದಿನ ಬೆಂಚಿನಲ್ಲಿ ಕೂರುವವರು. ವಯಸ್ಸಾದವರು, ವಿಧವೆಯರು, ಕೀಪ್ಯಾಡ್ ಫೋನಿನವರು. ಗುರುತಿಲ್ಲದ ಒಬ್ಬ ಅಜ್ಜಿಗೆ ಅವರು ಅವತ್ತೇ ಫೋನ್ ಮಾಡಿದರು. ಅಜ್ಜಿ ಹೇಳಿದ್ದು: "ಮೊಮ್ಮಗ ತೋರಿಸಿದ್ದ ರೀ ನಿಮ್ಮ ವಿಡಿಯೋ. ನೀವ ಮಾತಾಡ್ತೀರಿ, ನಾ ಏನರ ಅಂದ್ರ ನಿಮಗ ಕೇಳೂದಿಲ್ಲ."

ಇಲ್ಲಿಂದ ಸಲಹೆ ಸುಲಭವಾಯಿತು. ಭಾನುವಾರದ್ದೊಂದು ಬಿಟ್ಟು ಉಳಿದ ಲೈವ್ ನಿಲ್ಲಿಸಿ ಅಂದೆ. ರಿಜಿಸ್ಟರ್ ಹಂಚಿಕೊಳ್ಳಿ. ಸ್ತ್ರೀಯರ ಕೂಟ, ಯುವಜನ ಕೂಟ, ಸಂಡೇ ಸ್ಕೂಲ್ ಟೀಚರುಗಳಲ್ಲಿ ಒಬ್ಬೊಬ್ಬರಿಗೆ ಐದಾರು ಮನೆ. ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಫೋನ್. ಹೊತ್ತು ಗೊತ್ತಿರಬೇಕು. ಒಂಟಿ ಇರುವವರಿಗೆ ಇವತ್ತು ನಾಲ್ಕು ಗಂಟೆಗೆ ಫೋನ್ ಬರುತ್ತೆ ಅನ್ನೋದೇ ಆ ದಿನಕ್ಕೊಂದು ಆಧಾರ. ಫೋನ್ ಮಾಡಿದವರು ಉಪದೇಶ ಶುರುಮಾಡಬಾರದು. ಊಟ ಏನು, ಬಿಪಿ ಮಾತ್ರೆ ಇನ್ನೂ ಎಷ್ಟಿದೆ, ರಾತ್ರಿ ಜೊತೆಗೆ ಯಾರಿದ್ದಾರೆ, ಇಷ್ಟು ಕೇಳಿದರೆ ಉಳಿದದ್ದು ತಾನೇ ಬರುತ್ತದೆ. ಕೊನೆಗೆ "ನೀವೇ ಪ್ರಾರ್ಥನೆ ಮಾಡಿ" ಅಂತ ಅವರ ಕೈಗೇ ಬಿಡಿ. ಕೀಪ್ಯಾಡ್ ಫೋನಿನಲ್ಲೂ ಕಾನ್ಫರೆನ್ಸ್ ಕಾಲ್‌ಗೆ ನಾಲ್ಕು ಜನ ಸೇರುತ್ತಾರೆ. ಹಾಗೆ ಬುಧವಾರ ಚಿಕ್ಕ ಚಿಕ್ಕ ಗುಂಪಾಗಿ ಬೈಬಲಿನ 23ನೇ ಕೀರ್ತನೆ ಓದಿದರು. ಒಟ್ಟಿಗೆ ಹಾಡಲು ಹೋದರೆ ದನಿಗಳು ಹಿಂದೆಮುಂದೆ ಆಗುತ್ತಿದ್ದವು. ಒಬ್ಬರು ಹಾಡಿ, ಮಿಕ್ಕವರು ಕೇಳಿದರು.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಪ್ರಾರ್ಥನಾ ಬೇಡಿಕೆ ವಾಟ್ಸಾಪ್ ಗುಂಪಿಗೆ ಹೋಗಬಾರದು. ಈ ಸಭೆಯಲ್ಲಿ ಜ್ವರ ಬಂದ ಒಬ್ಬರ ಹೆಸರನ್ನು ಓಣಿಯ ಸಮೇತ ಯಾರೋ "ಪ್ರಾರ್ಥಿಸಿ" ಎಂದು ಗುಂಪಿಗೆ ಹಾಕಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಸಂಜೆಯೊಳಗೆ ಅದು ಊರಿನ ಬೇರೆ ಗುಂಪುಗಳಲ್ಲಿ ಓಡಾಡುತ್ತಿತ್ತು. ಮರುದಿನ ಆ ಮನೆಗೆ ಹಾಲು ಬರಲಿಲ್ಲ. ಅವರಿಗೆ ಬಂದಿದ್ದ ಜ್ವರ ಟೈಫಾಯ್ಡ್. ಕೊರೋನಾ ಆಗಿದ್ದರೂ ನನ್ನ ಮಾತು ಅದೇ: ಮನೆಯವರ ಒಪ್ಪಿಗೆ ಇಲ್ಲದೆ ಹೆಸರು ಹೊರಗೆ ಹೋಗಕೂಡದು. ಹೆಸರು ಹೇಳದೆ ಪ್ರಾರ್ಥಿಸಿದರೆ ದೇವರಿಗೆ ಗೊತ್ತಾಗೋದಿಲ್ವಾ ಅಂತ ಕೇಳಿದೆ. ಅಯ್ಯನವರು ನಕ್ಕರು. ನನ್ನ ಜೊತೆ ಮೊದಲ ಸಲ.

ಅಂತ್ಯಕ್ರಿಯೆಗೆ 20 ಜನರ ಮಿತಿ ಇತ್ತು. ಸಭೆಯ ಒಬ್ಬ ಹಿರಿಯರು ತೀರಿಕೊಂಡಾಗ ಮಗಳು ಮುಂಬೈಯಿಂದ ಬರಲಾಗಲಿಲ್ಲ. ಅಂತ್ಯಕ್ರಿಯೆಯನ್ನೂ ಲೈವ್ ಮಾಡಲೇ ಎಂದರು ಅಯ್ಯನವರು. ಮಗಳನ್ನು ಕೇಳಿ ಅಂದೆ. ಅವಳು ಬೇಡವೆಂದಳಂತೆ. ಅದರ ಬದಲು ಆ ವಾರ ದಿನಕ್ಕೊಬ್ಬರು ಅವಳಿಗೆ ಫೋನ್ ಮಾಡಿ ಅಪ್ಪನದ್ದೊಂದು ಸಂಗತಿ ಹೇಳಿದರು. ಅಪ್ಪ ಸಂಡೇ ಸ್ಕೂಲ್ ಹುಡುಗರಿಗೆ ಪೆಪ್ಪರಮಿಂಟ್ ಹಂಚುತ್ತಿದ್ದದ್ದು ಮಗಳಿಗೇ ಗೊತ್ತಿರಲಿಲ್ಲ.

ಕರ್ತನ ಭೋಜನವನ್ನು, ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರವನ್ನು, ಆನ್‌ಲೈನ್‌ನಲ್ಲಿ ಮಾಡಬಹುದೇ ಎಂದೂ ಕೇಳಿದರು. ಅದು ನನ್ನ ಕ್ಷೇತ್ರವಲ್ಲ, ನಿಮ್ಮ ಬಿಷಪ್ಪರನ್ನು ಕೇಳಿ ಅಂದೆ. ಕಾಣಿಕೆ ಕಡಿಮೆಯಾದ ಚಿಂತೆಯನ್ನು ಸಮಿತಿಯ ಖಜಾಂಚಿಗೆ ಬಿಡಿ ಎಂದೆ.

ಜೂನ್ 8ರಿಂದ ಆರಾಧನಾ ಸ್ಥಳ ತೆರೆಯಲು ಅನುಮತಿ ಸಿಕ್ಕಿತು. ಅಯ್ಯನವರು ಫೋನ್ ಪಾಳಿ ನಿಲ್ಲಿಸುವ ಯೋಚನೆಯಲ್ಲಿದ್ದರು. ಆದರೆ 65 ದಾಟಿದವರು ಮನೆಯಲ್ಲೇ ಇರಬೇಕೆಂದು ಸರ್ಕಾರದ ಸಲಹೆ ಇತ್ತು, ಗಾಯನ ತಂಡ ಹಾಡುವಂತಿರಲಿಲ್ಲ. ಅಂದರೆ ರಿಜಿಸ್ಟರಿನಲ್ಲಿ ಗುರುತಿಲ್ಲದವರೇ ಮತ್ತೆ ಹೊರಗುಳಿದರು. ಪಾಳಿ ಮುಂದುವರಿಸಿ ಅಂದೆ, ಮುಂದುವರಿಸಿದರು. ಯುವಜನ ಕೂಟದ ಇಬ್ಬರು ನಡುವೆ ಬಿಟ್ಟರು, ಅವರ ಮನೆಗಳನ್ನು ಅಯ್ಯನವರ ಹೆಂಡತಿ ತೆಗೆದುಕೊಂಡರು.

ಇನ್ನು ಅಯ್ಯನವರ ನಿದ್ದೆ. ರಾತ್ರಿ ಫೋನನ್ನು ಅಡುಗೆಮನೆಯಲ್ಲಿಡಿ, ತುರ್ತು ಇದ್ದವರು ಹೆಂಡತಿಯ ನಂಬರಿಗೆ ಮಾಡಲಿ ಎಂದಿದ್ದೆ. ಎರಡು ವಾರದಲ್ಲಿ ಸರಿಹೋಗದಿದ್ದರೆ ವೈದ್ಯರನ್ನು ನೋಡಲೇಬೇಕು ಎಂದೂ ಹೇಳಿದ್ದೆ. ಆ ಪ್ರಸಂಗ ಬರಲಿಲ್ಲ. ಇಂಥ ತೊಂದರೆಗೆ ಈಗ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಕೊನೆಯ ಸಲಹೆ ಅವರಿಗೆ ಸ್ವಲ್ಪ ಇರಿಸುಮುರಿಸಾಯಿತು: ನಿಮ್ಮ ಹೆಸರೂ ಯಾರದಾದರೂ ಪಾಳಿಯಲ್ಲಿರಲಿ. ಸಭಾಪಾಲಕನಿಗೆ ಯಾರು ಫೋನ್ ಮಾಡ್ತಾರೆ ಅಂದರು. ಕಾಲೇಜಿನ ಸಹಪಾಠಿ ಒಬ್ಬರು ಇನ್ನೊಂದು ಜಿಲ್ಲೆಯಲ್ಲಿ ಸಭಾಪಾಲಕರು. ಸೋಮವಾರ ಮಧ್ಯಾಹ್ನ ಅವರದ್ದು ಎಂದು ನಿಗದಿಯಾಯಿತು. ಸಭೆಯ ವಿಷಯ ಕಡಿಮೆ, ಹಾಸ್ಟೆಲಿನ ಹಳೇ ಕತೆಗಳೇ ಜಾಸ್ತಿ ಆಗ್ತಿವೆ, ನಡಿಯುತ್ತೇನ್ರಿ ಅಂತ ಆಮೇಲೆ ಕೇಳಿದರು. ನಡೆಯುತ್ತೆ ಅಂದೆ.