ಅವರು ಬರೆದುಕೊಟ್ಟ ‘ಗಾವ್‌ಶಾನ್ ಲ್ಯೂಶ್ವೇ’

ಚೀನಾದ ಗುಯಿಲಿನ್ ಬೆಟ್ಟಗಳ ಫೋಟೋ ಕೆಳಗೆ ‘ಗಾವ್‌ಶಾನ್ ಲ್ಯೂಶ್ವೇ’ ಎಂಬ ಚೀನೀ ನುಡಿಗಟ್ಟು ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಎತ್ತರದ ಬೆಟ್ಟ, ಹರಿಯುವ ನೀರು ಅನ್ನೋದು ಅಕ್ಷರದ ಅರ್ಥ, ನಿಜ. ಅಷ್ಟನ್ನೇ ಓದಿಕೊಂಡು ನಾನು ಒಳ್ಳೆಯ ಸ್ನೇಹಿತರೊಬ್ಬರನ್ನು ಕಳೆದುಕೊಂಡೆ.

ವುಹಾನ್‌ನಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಮನೆಯ ಹಿರಿಯರು ಸಂಜೆ ಬಿದಿರ ಕೊಳಲು ನುಡಿಸುತ್ತಿದ್ದರು. ನನಗೆ ಅವರ ಭಾಷೆ ಅರೆಬರೆ. ಆದರೂ ದಿನಾ ಹೋಗಿ ಕೂರುತ್ತಿದ್ದೆ. ಒಂದು ದಿನ, “ಮಳೆ ನಿಂತ ಮೇಲೆ ಸೂರಿನಿಂದ ಹನಿ ಬಿದ್ದ ಹಾಗಿದೆ” ಅಂದೆ. ಕೊಳಲು ಕೆಳಗಿಟ್ಟು ಬಹಳ ಹೊತ್ತು ನನ್ನನ್ನೇ ನೋಡಿದರು. ನಾನು ಊರಿಗೆ ಹೊರಟಾಗ ಕುಂಚದಲ್ಲಿ ಈ ನಾಲ್ಕು ಅಕ್ಷರ ಬರೆದುಕೊಟ್ಟರು.

ಅವರೆದುರೇ ನಿಘಂಟು ತೆಗೆದು ಒಂದೊಂದೇ ಅಕ್ಷರ ನೋಡಿದೆ. ನಾಲ್ಕೂ ಸುಲಭದವು, ನಾಲ್ಕೂ ಸಿಕ್ಕವು. ನಾಲ್ಕನ್ನೂ ಸೇರಿಸಿ ಹುಡುಕಬೇಕೆಂದು ಹೊಳೆಯಲಿಲ್ಲ. ಹುಡುಕಿದ್ದರೆ ಅರ್ಧ ನಿಮಿಷದಲ್ಲಿ ಕಥೆ ಸಿಗುತ್ತಿತ್ತು. ಬೆಟ್ಟ, ನೀರು ಅಂತ ಓದಿ, “ಮುಂದಿನ ಸಲ ಬೆಟ್ಟ ನೋಡೋಕೆ ಹೋಗೋಣ” ಅಂದುಬಿಟ್ಟೆ. ಅವರು ಸುಮ್ಮನೆ ತಲೆಯಾಡಿಸಿದರು. ಆಮೇಲೆ ಅವರಿಂದ ಒಂದು ಮೆಸೇಜೂ ಬರಲಿಲ್ಲ. ನಾನೂ ಕಳಿಸಲಿಲ್ಲ.

ಎರಡು ವರ್ಷದ ನಂತರ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ಕೇಳುತ್ತಿದ್ದೆ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಹೋದ, ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ ಅದಿದೆ. ಅದೇ ತಟ್ಟೆಯಲ್ಲಿ ಚೀನೀ ವಾದಕ ಗುವಾನ್ ಪಿಂಗ್‌ಹು ನುಡಿಸಿದ ‘ಲ್ಯೂಶ್ವೇ’ಯೂ ಇತ್ತು. ಹೆಸರು ನೋಡಿ ಎದೆ ಧಸಕ್ಕೆಂದಿತು.

ಆ ನಾಲ್ಕು ಅಕ್ಷರದ ಹಿಂದಿರುವುದು ‘ಲಿಯೆಝಿ’ ಎಂಬ ಹಳೆಯ ಚೀನೀ ಗ್ರಂಥದ ಕಥೆ. ಬೋಯಾ ಬೆಟ್ಟವನ್ನು ಮನಸ್ಸಿನಲ್ಲಿಟ್ಟು ಚಿನ್ ಎಂಬ ತಂತಿವಾದ್ಯ ನುಡಿಸಿದರೆ, ಕೇಳುತ್ತಿದ್ದ ಜೋಂಗ್ ಜಿಚಿ “ತಾಯ್‌ಶಾನ್ ಪರ್ವತದ ಹಾಗೆ ಎದ್ದು ನಿಂತಿದೆ” ಎನ್ನುತ್ತಿದ್ದ. ನೀರನ್ನು ನೆನೆದು ನುಡಿಸಿದರೆ “ಮಹಾನದಿ ಹರಿದ ಹಾಗಿದೆ” ಎನ್ನುತ್ತಿದ್ದ. ಕ್ರಿ.ಪೂ. 3ನೇ ಶತಮಾನದ ‘ಲ್ಯೂಶಿ ಚುನ್‌ಚ್ಯೂ’ ಎಂಬ ಗ್ರಂಥದ ಪ್ರಕಾರ, ಜಿಚಿ ತೀರಿಕೊಂಡಾಗ ಬೋಯಾ ವಾದ್ಯ ಒಡೆದು, ತಂತಿ ಕಡಿದು, ಸಾಯುವವರೆಗೂ ಮತ್ತೆ ನುಡಿಸಲಿಲ್ಲ. ಆಪ್ತನಿಗೆ ಚೀನೀಯರು ಹೇಳುವ ‘ಜಿಯಿನ್’, ಅಂದರೆ ನಾದ ಬಲ್ಲವನು, ಎಂಬ ಮಾತಿನ ಹಿಂದೆಯೂ ಇದೇ ಕಥೆಯಿದೆ. ನಮ್ಮ ‘ಸಹೃದಯ’ ಅದಕ್ಕೆ ಹತ್ತಿರ. ನೀನು ನನ್ನ ಸಹೃದಯ ಅಂತ ಅವರು ಬರೆದುಕೊಟ್ಟಿದ್ದರು. ನಾನು ಪ್ರವಾಸದ ಮಾತಾಡಿದ್ದೆ. ಬೋಯಾ, ಜಿಚಿ ಇಬ್ಬರ ನೆನಪಿನ ಗುಚಿನ್‌ತಾಯ್ ಎಂಬ ಸ್ಮಾರಕ ಇರುವುದೂ ವುಹಾನ್‌ನ ಹಾನ್ಯಾಂಗ್ ಭಾಗದಲ್ಲೇ. ಎಷ್ಟೋ ಸಲ ಬಸ್ಸಿನಲ್ಲಿ ಅದರ ಮುಂದೆಯೇ ಹೋಗಿದ್ದೆ.

ಅವತ್ತೇ ಫೋನ್ ಮಾಡಿದೆ. ನಂಬರ್ ಚಾಲ್ತಿಯಲ್ಲಿರಲಿಲ್ಲ.

ನಿಮ್ಮ ಫೋಟೋಗೆ ‘ಶಾನ್‌ಚಿಂಗ್ ಶ್ವೇಶ್ಯೂ’ ಹಾಕಿ. ತಿಳಿಯಾದ ಬೆಟ್ಟ, ಚೆಲುವಾದ ನೀರು. ಅದು ನಿಜವಾಗಿಯೂ ನೋಟವನ್ನು ಹೊಗಳುವ ಮಾತು, ಗುಯಿಲಿನ್‌ಗೆ ಚೆನ್ನಾಗಿ ಒಪ್ಪುತ್ತದೆ.