ಅಮ್ಮನ ಕಣ್ಣಿನ ಪೊರೆ ಪೂರ್ತಿ ಬಲಿಯುವ ತನಕ ಕಾಯಬೇಕಾ?

ನೀವು ಬರೆದಿರುವುದು ಇಷ್ಟು: ಅಮ್ಮನಿಗೆ 64 ವರ್ಷ, ಶುಗರ್ ಇದೆ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಮನೆಯ ಹಿರಿಯರು "ಇನ್ನೂ ಬಲಿತಿಲ್ಲ, ಬಿಡಿ" ಅನ್ನುತ್ತಾರೆ. ಆಸ್ಪತ್ರೆಯವರು ಈಗಲೇ ಮಾಡಿಸಿ ಅಂತ ದುಬಾರಿ ಲೆನ್ಸ್ ಪಟ್ಟಿ ಕೊಟ್ಟಿದ್ದಾರೆ. ಯಾರ ಮಾತು ಕೇಳಬೇಕು?

ನಾನು ಕಣ್ಣಾಸ್ಪತ್ರೆಯಲ್ಲಿ ಆಪ್ಟೊಮೆಟ್ರಿಸ್ಟ್. ಆಪರೇಷನ್ ಮಾಡುವುದು ಡಾಕ್ಟರು. ಅದಕ್ಕೆ ಮುಂಚೆ ಕಣ್ಣಿನ ಅಳತೆ ತೆಗೆಯುವುದು ನನ್ನ ಕೆಲಸ. ಆ ಕುರ್ಚಿಯಿಂದ ಹೇಳುತ್ತೇನೆ, ಬಲಿಯಲಿ ಅಂತ ಕಾಯಬೇಡಿ. ಹಾಗಂತ ನಾಳೆಯೇ ಓಡುವ ಅವಸರವೂ ಸಾಮಾನ್ಯವಾಗಿ ಇರುವುದಿಲ್ಲ.

ಹಿರಿಯರು ಸುಮ್ನೆ ಹೇಳುತ್ತಿಲ್ಲ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ಮಾಡುತ್ತಿದ್ದ ಕಾಲದಲ್ಲಿ ಅದೇ ಸರಿಯಾದ ಸಲಹೆ. ಆಗ ಮಂಜಾದ ಲೆನ್ಸನ್ನು ತೆಗೆದರೆ ಆ ಜಾಗ ಖಾಲಿಯೇ ಉಳಿಯುತ್ತಿತ್ತು. ಬದಲಿಗೆ ಪ್ಲಸ್ 10ರ ಆಸುಪಾಸಿನ ದಪ್ಪ ಕನ್ನಡಕ. ಅದರಲ್ಲಿ ಎಲ್ಲವೂ ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಗಿ ಇನ್ನೊಂದು ಚೆನ್ನಾಗಿದ್ದರೆ ಎರಡೂ ಕಣ್ಣಿಗೆ ಹೊಂದಾಣಿಕೆಯೇ ಇಲ್ಲ, ಮೆಟ್ಟಿಲು ಇಳಿಯುವುದೂ ಕಷ್ಟ. ಪೂರ್ತಿ ಕಾಣದಾದ ಮೇಲೆ ಮಾಡಿಸಿದರೇ ಲಾಭ ಅನ್ನುವ ಲೆಕ್ಕ ಅಲ್ಲಿಂದ ಬಂದಿದ್ದು.

ಈಗ ಆ ಲೆಕ್ಕ ತಿರುಗಿದೆ. ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆಯುವ ಪದರ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಮಂಜಾಗುವುದು ಪಾಪೆಯ ಹಿಂದೆ ಇರುವ ಲೆನ್ಸ್. ಅದರೊಳಗಿನ ಪ್ರೋಟೀನು ವಯಸ್ಸಾದಂತೆ ಗುಂಪುಗೂಡಿ ಬೆಳಕು ಸರಿಯಾಗಿ ದಾಟುವುದಿಲ್ಲ. ಶುಗರ್ ಇದ್ದವರಿಗೆ, ಸ್ಟಿರಾಯ್ಡ್ ಜಾಸ್ತಿ ತೆಗೆದುಕೊಂಡವರಿಗೆ ಬೇಗ ಬರಬಹುದು. ಡ್ರಾಪ್ಸ್ ಹಾಕಿ ಕರಗಿಸುತ್ತೇವೆ ಅನ್ನುವವರನ್ನು ನಂಬಬೇಡಿ, ಅಂಥ ಔಷಧಿ ಇಲ್ಲ.

ಫೇಕೊ ಆಪರೇಷನ್ನಿನಲ್ಲಿ ಎರಡೂವರೆ ಮಿ.ಮೀ. ಆಸುಪಾಸಿನ ಗಾಯ ಮಾಡಿ, ಒಳಗಿನ ಲೆನ್ಸನ್ನು ಪುಡಿ ಮಾಡಿ ಹೀರಿ ತೆಗೆಯುತ್ತಾರೆ. ಅದರ ತೆಳ್ಳನೆಯ ಚೀಲವನ್ನು ಹಾಗೇ ಉಳಿಸಿ, ಮಡಿಚಿದ ಹೊಸ ಲೆನ್ಸ್ ಅದರೊಳಗೆ ಬಿಡುತ್ತಾರೆ. ಎಲ್ಲರೂ ಇದಕ್ಕೆ "ಲೇಸರ್ ಆಪರೇಷನ್" ಅನ್ನುತ್ತಾರೆ, ಆದರೆ ಲೆನ್ಸ್ ಪುಡಿಯಾಗುವುದು ಅಲ್ಟ್ರಾಸೌಂಡ್‌ನಿಂದ. ಪೊರೆ ಕಲ್ಲಿನಂತೆ ಗಟ್ಟಿಯಾದರೆ ಅಲ್ಟ್ರಾಸೌಂಡ್ ಜಾಸ್ತಿ ಬೇಕು, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಪೆಟ್ಟು ಜಾಸ್ತಿ. ಆಗ ಕೆಲವರು ಸ್ವಲ್ಪ ದೊಡ್ಡ ಗಾಯದ ಎಸ್‌ಐಸಿಎಸ್ ವಿಧಾನ ಆರಿಸುತ್ತಾರೆ. ಅದೂ ಸಾಮಾನ್ಯವಾಗಿ ಹೊಲಿಗೆ ಇಲ್ಲದ್ದೇ, ಒಳ್ಳೆಯ ವಿಧಾನವೇ. ಶಿಬಿರಗಳಲ್ಲಿ ಅದನ್ನು ಮಾಡುತ್ತಾರೆ ಅಂತ ಕೀಳಾಗಿ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ. ಹೊಸ ಲೆನ್ಸ್ ಪವರ್ ಎಷ್ಟಿರಬೇಕು ಅನ್ನುವುದಕ್ಕೆ ಕಣ್ಣಿನ ಉದ್ದ ಅಳೆಯಬೇಕು. ಸಾಮಾನ್ಯ ಕಣ್ಣು 23–24 ಮಿ.ಮೀ. ಉದ್ದ. ಇದರಲ್ಲಿ ಒಂದೇ ಮಿ.ಮೀ. ತಪ್ಪಿದರೆ ಕನ್ನಡಕದ ನಂಬರು ಎರಡೂವರೆ–ಮೂರರಷ್ಟು ಹೆಚ್ಚುಕಮ್ಮಿ ಆಗುತ್ತದೆ. ಪೊರೆ ಹದವಾಗಿದ್ದರೆ ಕಣ್ಣು ಮುಟ್ಟುವುದೇ ಬೇಡ. ಗಲ್ಲ ಇಟ್ಟು ಕೆಂಪು ಚುಕ್ಕೆ ನೋಡಿ ಅಂದರೆ ಸಾಕು, ಯಂತ್ರ ಬೆಳಕಿನಿಂದಲೇ ಅಳೆಯುತ್ತದೆ. ಪೊರೆ ಬೆಳ್ಳಗಾಗಿ ಬಲಿತಿದ್ದರೆ ಆ ಬೆಳಕು ಹಿಂದಿನ ತನಕ ಹೋಗುವುದೇ ಇಲ್ಲ. ಆಗ ಸಣ್ಣ ಪ್ರೋಬ್ ಹಿಡಿದು ಅಳೆಯಬೇಕು. ಅದನ್ನು ನೇರವಾಗಿ ಕಣ್ಣಿಗೆ ತಾಗಿಸುವಾಗ ಕೈ ಒಂಚೂರು ಒತ್ತಿದರೂ ಉದ್ದ ಕಡಿಮೆ ತೋರಿಸುತ್ತದೆ. "ಪೂರ್ತಿ ಬಲಿಸಿಕೊಂಡೇ ಬಂದಿದ್ದೀವಿ" ಅಂತ ಹೆಮ್ಮೆಯಿಂದ ಹೇಳುವವರ ಅಳತೆಯೇ ನನಗೆ ಎಲ್ಲಕ್ಕಿಂತ ತಲೆನೋವು.

ನಿಮ್ಮ ಅಮ್ಮನ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಶುಗರ್ ಇರುವವರಿಗೆ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪರದೆ, ನೋಡಲೇಬೇಕು. ಪೊರೆ ದಟ್ಟವಾದರೆ ಅದರಾಚೆ ಇರುವ ರೆಟಿನಾ ಡಾಕ್ಟರಿಗೆ ಕಾಣುವುದಿಲ್ಲ. ಅಲ್ಲಿ ಊತ, ರಕ್ತಸ್ರಾವ ಇದ್ದರೆ ಲೆನ್ಸ್ ಎಷ್ಟು ಒಳ್ಳೆಯದು ಹಾಕಿದರೂ ದೃಷ್ಟಿ ಅಷ್ಟಕ್ಕಷ್ಟೇ. ಹಾಗಾಗಿ ಮೊದಲು ಪಾಪೆ ಹಿಗ್ಗಿಸಿ ರೆಟಿನಾ ತಪಾಸಣೆ, ಜೊತೆಗೆ ಶುಗರ್ ಹತೋಟಿ.

ಹಾಗಾದರೆ ಯಾವಾಗ? ಅಮ್ಮನನ್ನೇ ಕೇಳಿ. ಅಕ್ಕಿಯಲ್ಲಿ ಕಲ್ಲು ಕಾಣುತ್ತದಾ? ಬಸ್ಸಿನ ಬೋರ್ಡ್? ರಾತ್ರಿ ಎದುರಿಗೆ ಬರುವ ಗಾಡಿಯ ಬೆಳಕು ಹರಡಿಕೊಂಡು ಕಣ್ಣು ಕುಕ್ಕುತ್ತದಾ? ಇದಕ್ಕೆಲ್ಲ ತೊಂದರೆ ಆಗುತ್ತಿದ್ದರೆ ಮಾಡಿಸಿ. ಏನೂ ತೊಂದರೆ ಇಲ್ಲ, ರೆಟಿನಾನೂ ಚೆನ್ನಾಗಿದೆ ಅಂದರೆ ಕೆಲವು ತಿಂಗಳು ಬಿಟ್ಟು ಮತ್ತೆ ತೋರಿಸಬಹುದು.

ಲೆನ್ಸ್ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಒಳ್ಳೆಯ ಮೊನೊಫೋಕಲ್, ಅಂದರೆ ಒಂದೇ ದೂರಕ್ಕೆ ಹೊಂದಿಸಿದ ಲೆನ್ಸ್ ಸಾಕು. ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು ಹೊಲಿಯಲು ಕನ್ನಡಕ ಬೇಕು, ಅಷ್ಟೇ. ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್‌ನಲ್ಲಿ ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು. ರೆಟಿನಾ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಸಿಲಿಂಡರ್ ನಂಬರು (ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಬರುವ ನಂಬರು) ಜಾಸ್ತಿ ಇದ್ದರೆ ಅದನ್ನು ಸರಿಪಡಿಸುವ ಟೋರಿಕ್ ಲೆನ್ಸ್‌ಗೆ ಕೊಡುವ ದುಡ್ಡಿಗೆ ಅರ್ಥವಿದೆ. ಅಂದಹಾಗೆ, ಲೆನ್ಸ್ ಕಥೆಯೇ ಮಜವಾಗಿದೆ. ಯುದ್ಧವಿಮಾನದ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ತಕರಾರು ಮಾಡದೆ ಇದ್ದುದನ್ನು ನೋಡಿ, ಕಣ್ಣಿನ ಡಾಕ್ಟರು ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಲೆನ್ಸ್ ಇಟ್ಟರು. ನಮ್ಮಲ್ಲಿ ಬೆಲೆ ಇಳಿದದ್ದು ಮದುರೈನ ಆರೋಲ್ಯಾಬ್ 1992ರಲ್ಲಿ ಇಲ್ಲೇ ತಯಾರಿಸಲು ಶುರು ಮಾಡಿದ ಮೇಲೆ. ಬೆಲೆ ಕಡಿಮೆ ಅಂದ ಮಾತ್ರಕ್ಕೆ ಲೆನ್ಸ್ ಕಳಪೆ ಅಲ್ಲ. ದುಡ್ಡಿನ ತೊಂದರೆ ಇದ್ದರೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಉಚಿತವಾಗಿ ಮಾಡುತ್ತಾರೆ.

ಡಾಕ್ಟರ ಹತ್ತಿರ ಹೋಗುವಾಗ ಅಮ್ಮ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಅಪ್ಪನಿಗೂ ಮುಂದೆ ಪೊರೆ ಬಂದು, ಅವರು ಪ್ರಾಸ್ಟೇಟ್‌ಗೆ ಟಾಮ್ಸುಲೊಸಿನ್ ಮಾತ್ರೆ ನುಂಗುತ್ತಿದ್ದರೆ ಮರೆಯದೆ ಹೇಳಿ. ಅದರಿಂದ ಆಪರೇಷನ್ ನಡುವೆ ಪಾಪೆ ಕುಗ್ಗಿಬಿಡಬಹುದು, ಮೊದಲೇ ಗೊತ್ತಿದ್ದರೆ ಡಾಕ್ಟರು ತಯಾರಿರುತ್ತಾರೆ.

ಆಪರೇಷನ್ ಆದ ಮೇಲೆ ಕೆಲವು ವಾರ ಡ್ರಾಪ್ಸ್, ಮೊದಮೊದಲು ರಾತ್ರಿ ಕಣ್ಣಿಗೆ ಕವಚ. ತಲೆಗೆ ಸ್ನಾನ, ಒಲೆಯ ಹೊಗೆ, ಕಣ್ಣು ಉಜ್ಜುವುದು ಡಾಕ್ಟರು ಸರಿ ಅನ್ನುವ ತನಕ ಬೇಡ. ನೋವು ಏರುತ್ತಾ, ಕಣ್ಣು ಕೆಂಪಾಗಿ, ಕಾಣುವುದು ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ, ಅದು ಸೋಂಕು ಇರಬಹುದು. ಇನ್ನು ತಿಂಗಳುಗಳೋ ವರ್ಷಗಳೋ ಆದ ಮೇಲೆ ಮತ್ತೆ ಮಂಜು ಅನಿಸಿದರೆ "ಪೊರೆ ವಾಪಸ್ ಬಂತು" ಅಂತ ಹೆದರಬೇಡಿ. ಉಳಿಸಿದ್ದ ಚೀಲದ ಹಿಂಭಾಗ ಮಬ್ಬಾಗಿರುತ್ತದೆ. ಯಾಗ್ ಅನ್ನುವ ಲೇಸರಿನಿಂದ ಕೆಲವೇ ನಿಮಿಷದಲ್ಲಿ ಅದಕ್ಕೊಂದು ಕಿಂಡಿ ಮಾಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು.